ಅವ್ವಿಯ ಚಾಪೆಯ ಮೂಲೆ

ಶ್ರಾವಣಿ, ದರ್ಶನ, ನೀವಿಬ್ಬರೂ ಮೊನ್ನೆ ಕುಮಟೆಯಿಂದ ತಂದ ಪ್ಲಾಸ್ಟಿಕ್ ಚಾಪೆ ಚೆನ್ನಾಗಿದೆ. ಒರೆಸಿದರೆ ಸಾಕು, ಒಣಗುತ್ತದೆ. ಆದರೆ ಅದರಲ್ಲಿ ಅಂಗಡಿಯ ವಾಸನೆ ಬಿಟ್ಟು ಬೇರೇನಿಲ್ಲ. ಹಾಸಿ ಮಲಗಿದಾಗ ನನ್ನ ಮೂಗು ತಾನಾಗಿ ಹಿಂದೆ ಚಾಪೆ ಹೆಣೆಯುತ್ತಿದ್ದ ಮುಂಡಿಗೆ ಎಲೆಯನ್ನು ಹುಡುಕಿತು. ಬೇಯಿಸಿದ ಎಲೆ ಬಿಸಿಲಿಗೆ ಬಾಡುವಾಗ ಸ್ವಲ್ಪ ಗಂಜಿಯ ಸಿಹಿ, ಸ್ವಲ್ಪ ಹೊಳೆಯ ಕೆಸರು ಸೇರಿದಂಥ ವಾಸನೆ ಬರುತ್ತದೆ. ನಾನು ಹುಟ್ಟಿದ ಮನೆಯ ತುಂಬ ಅದೇ ಇತ್ತು. ಈ ಸಂಗತಿ ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಎದ್ದು ಒಳಗೆ ಹೋಗಿಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಅಘನಾಶಿನಿ ಹೊಳೆಯ ದಂಡೆಯಲ್ಲಿತ್ತು. ದಂಡೆಯುದ್ದಕ್ಕೂ ಕೇದಗೆಯಂಥ ಮುಳ್ಳೆಲೆಯ ಮುಂಡಿಗೆ ಹಿಂಡು. ಅಪ್ಪ ಎಲೆ ಕೊಯ್ದು ತರುತ್ತಿದ್ದ. ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ, ಹೆಣೆಯುವುದು ನನ್ನ ತಾಯಿ, ಅಂದರೆ ಅವ್ವಿಯ ಕೆಲಸ. ಹೆಣೆದಷ್ಟು ಚಾಪೆಯ ಮೇಲೆ ತಾನೇ ಕೂತು ಸರಿಯುತ್ತ ಹೋಗುತ್ತಿದ್ದಳು. ಜಗಲಿಯಲ್ಲಿ ದಿನವಿಡೀ ಎಲೆಯ ಸರಸರ ಸದ್ದು. ಕೊನೆಗೆ ಎಳೆಗಳ ತುದಿಯನ್ನು ಒಳಕ್ಕೆ ಮಡಚಿ ಮೂಲೆ ಮುಚ್ಚಿದರೆ ಚಾಪೆ ಮುಗಿದಂತೆ. ಹೆರಿಗೆಗೆಂದು ಹೆಣೆದ ಚಾಪೆಗೆ ಮಾತ್ರ ಒಂದು ಮೂಲೆ ಮುಚ್ಚುತ್ತಿರಲಿಲ್ಲ. ಅದು ಮಗುವಿನ ಬಾಗಿಲು. ಮಗು ಬಂದ ಮೇಲೆ ಅಜ್ಜಿಯಾದವಳು ಅದನ್ನು ಮಡಚಿ ಮುಗಿಸಬೇಕು.

ನನ್ನ ಅಕ್ಕ ಸುಬ್ಬಿ ಚೊಚ್ಚಲ ಹೆರಿಗೆಗೆ ಬಂದಳು. ಅವ್ವಿ ಎಳೆಯ ಎಲೆ ಆರಿಸಿ ಅವಳಿಗೆ ಚಾಪೆ ಹೆಣೆಯತೊಡಗಿದಳು. ಅಕ್ಕ ಕಂಬಕ್ಕೊರಗಿ ಕಾಲು ಚಾಚಿ ಕೂರುತ್ತಿದ್ದಳು. ನಾನು ಅವಳ ಊದಿದ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಚಾಪೆ ಇನ್ನೇನು ಮುಗಿಯುತ್ತದೆ ಅನ್ನುವ ಸಂಜೆ ಪಕ್ಕದ ಮನೆಯ ಹೊನ್ನತ್ತೆ ಬಂದು ಅಕ್ಕನ ಹೊಟ್ಟೆ ನೋಡಿದಳು.

“ಗಂಡೇ ಹುಟ್ಟೂದು ನೋಡು. ಅಪ್ಪನ ಹಾಂಗೇ ಸೋಂಬೇರಿ. ಹೊರಗೆ ಬರೂಕೆ ಮನಸಿಲ್ಲ ಅದ್ಕೆ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವ್ವಿಯೂ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗುವಿನ ನಡುವೆ ಅವಳ ಬೆರಳುಗಳು, ವರ್ಷಗಟ್ಟಲೆ ಮಾಡಿದ್ದನ್ನೇ ಮಾಡಿ, ಮೂಲೆ ಮುಚ್ಚಿಬಿಟ್ಟಿದ್ದವು. ಕಂಡದ್ದೇ ಅವಳು ಬಿಚ್ಚತೊಡಗಿದಳು. ಮಡಚಿದ ಗೆರೆಯಲ್ಲಿ ಒಂದು ಎಳೆ ಮುರಿದು ಕೈಗೆ ಬಂತು. “ಎಂತದೂ ಆಗೂದಿಲ್ಲ, ಸುಮ್ನಿರು,” ಎಂದಳು ಹೊನ್ನತ್ತೆ. ಆಮೇಲೆ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನಿಗೆ ನೋವು ಬಂತು. ಮಧ್ಯಾಹ್ನವಾದರೂ ಮಗು ಬರಲಿಲ್ಲ, ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಹೊಳೆ ದಾಟಬೇಕು. ಕಡಲಿನ ಇಳಿತದ ಹೊತ್ತು, ಹೊಳೆಯ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತಿತ್ತು. ಅಪ್ಪ ತೊಡೆಯವರೆಗೆ ಕೆಸರಿಗಿಳಿದು ದೋಣಿ ನೂಕಿದ. ನೀರು ಏರಿ ದೋಣಿ ಅಲುಗುವಷ್ಟರಲ್ಲಿ ಅಕ್ಕನೂ ಹೋದಳು, ಹೊಟ್ಟೆಯ ಕೂಸೂ ಹೋಯಿತು. ಕೊಂದದ್ದು ರಕ್ತ ಮತ್ತು ಇಳಿತ. ನನಗೆ ಈಗ ಅದು ಗೊತ್ತು. ಅವ್ವಿಗೆ ಯಾರು ಹೇಳಿದರೂ ಕೇಳಲಿಲ್ಲ.

“ಬಾಗಿಲು ನಾನೇ ಹಾಕ್ದೆ,” ಎಂದಳು, ಅಷ್ಟೇ.

ಹೊಟ್ಟೆಪಾಡಿಗೆ ಹೆಣೆಯುವುದನ್ನು ಅವಳು ಬಿಡುವಂತಿರಲಿಲ್ಲ. ಆದರೆ ಅಂದಿನಿಂದ ಯಾವ ಚಾಪೆಯ ಕೊನೆಯ ಮೂಲೆಯನ್ನೂ ಮುಚ್ಚಲಿಲ್ಲ. ಸಂತೆಯಲ್ಲಿ ಹೆಂಗಸರು ಚಾಪೆ ತಿರುಗಿಸಿ ನೋಡಿ, ಹೆಣೆಯಲು ಬಾರದವಳೆಂದು ಮುಖದೆದುರೇ ಅಂದು ಎದ್ದು ಹೋಗುತ್ತಿದ್ದರು. ಅವ್ವಿ ತಲೆ ತಗ್ಗಿಸಿ ಚಾಪೆ ಸುತ್ತಿಡುತ್ತಿದ್ದಳು. ಹೊತ್ತು ತಂದದ್ದನ್ನು ಹೊತ್ತು ಮರಳುವಾಗ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಅವಳು ಸತ್ತಾಗ ಅವಳೇ ಹೆಣೆದ ಚಾಪೆಯ ಮೇಲೆ ಮಲಗಿಸಿದೆವು. ಮೂಲೆ ಬಿಚ್ಚಿದ ಚಾಪೆಯಲ್ಲಿ ಹೆಣ ಎತ್ತಬಾರದೆಂದು ಹಿರಿಯರು ಅಂದರು. ಒಬ್ಬಳು ಮಡಚಲು ಕೂತೂ ಬಿಟ್ಟಳು. ನಾಲ್ಕು ಜನರೆದುರು ನಾನು ಬಾಯಿ ತೆರೆದವಳಲ್ಲ. ಅಂದು ಅವಳ ಕೈ ಹಿಡಿದೆ.

“ಬಾಗಿಲು ಮುಚ್ಚೂದು ಬೇಡ. ಅಕ್ಕ ಇನ್ನೂ ಬರೂಕೆ ಅದೆ.”

ಅವಳು ಎಳೆ ಬಿಟ್ಟು ಎದ್ದಳು. ಹಾಗೇ ಎತ್ತಿದರು. ದಾರಿ ತಿರುಗುವವರೆಗೂ ಆ ಮೂಲೆಯ ಎಳೆಗಳು ಅಲ್ಲಾಡುವುದು ಅಂಗಳದಿಂದ ನನಗೆ ಕಾಣುತ್ತಿತ್ತು.

ಆ ಮನೆ ಈಗಿಲ್ಲ. ಮುಂಡಿಗೆ ಇದ್ದಲ್ಲಿ ಸೀಗಡಿ ಸಾಕುವ ಹೊಂಡದ ಕಟ್ಟೆ ಬಂದಿದೆ. ಮೂಲೆ ಬಿಚ್ಚಿದ ಚಾಪೆ ಬಾಳುವುದಿಲ್ಲ. ಅವ್ವಿಯದು ಒಂದೂ ಉಳಿದಿಲ್ಲ. ಮಕ್ಕಳೇ, ನಾನು ಬರೆದ ಈ ಹಾಳೆಗಳನ್ನು ನೆಲದ ಮೇಲಿಡಬೇಡಿ, ಥಂಡಿ ಹಿಡಿಯುತ್ತದೆ. ಮಳೆಗಾಲದಲ್ಲಿ ಅಟ್ಟಕ್ಕೇರಿಸಿ. ಬಿಸಿಲು ಬಂದ ಮೇಲೆ ಒಮ್ಮೆ ಬಿಡಿಸಿ, ಒಣಗಿಸಿ, ಮತ್ತೆ ಸುತ್ತಿಡಿ.