ಕದಿರಮ್ಮನ ಹಾಡು ಕಾಯಬೇಕಿದ್ದ ಪೆಟ್ಟಿಗೆ

ಕೆಂಚಾರ್ಲಹಳ್ಳಿಯ ರಾಧಾಮಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಿಡ್ಲಘಟ್ಟದ ಆ ಪುಟ್ಟ ಬಾನುಲಿ ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ, ಸಿಟ್ಟು ಬಾರದೆ ಇರುವುದಕ್ಕೆ ಅವಳೇನು ಕಲ್ಲೇ? ಹಳ್ಳಿಹಳ್ಳಿ ತಿರುಗಿ, ಮುದುಕಿಯರನ್ನು ಪುಸಲಾಯಿಸಿ, ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ ಅವರು ಹಾಡುತ್ತಿದ್ದ ಹಾಡುಗಳನ್ನು ರೆಕಾರ್ಡ್ ಮಾಡಿ ತರುವುದು ಅವಳ ಕೆಲಸ. ಸಾದಲಿಯ ಕದಿರಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹಾಡಿದ ಹಾಡು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದು ಪ್ರಸಾರವಾಗುವ ಮೊದಲೇ ಅಜ್ಜಿ ತೀರಿಕೊಂಡಳು. ಆಮೇಲೆ ಹಾಡು ತುಂಬಿಟ್ಟಿದ್ದ ಕಂಪ್ಯೂಟರೂ ಮತ್ತೆ ಸರಿಯಾಗದಂತೆ ಕೈಕೊಟ್ಟಿತು.

ರಾಧಾಮಣಿ ಹೆದರಲಿಲ್ಲ. ಅದರಲ್ಲಿದ್ದುದೆಲ್ಲ ದಿನವೂ ತಾನಾಗಿ ನಕಲಾಗಲೆಂದೇ ಬ್ಯಾಕಪ್ ಪೆಟ್ಟಿಗೆಯೊಂದಿತ್ತು. ಅದರ ಹಸಿರು ದೀಪ ಒಮ್ಮೆಯೂ ಕೆಂಪಾಗಿರಲಿಲ್ಲ. ತೆರೆದು ನೋಡಿದರೆ ಕದಿರಮ್ಮನ ಸುಳಿವೇ ಇಲ್ಲ! ಒಳಗೆ ಹಳೆಯ ಹಾಡುಗಳನ್ನು ಬಿಟ್ಟರೆ ಇದ್ದದ್ದು ಮ್ಯಾನೇಜರ್ ರಮೇಶ್‌ಬಾಬು ಅವರ ಮನೆಯ ಗೃಹಪ್ರವೇಶದ ಫೋಟೊಗಳು ಮತ್ತು ರಾಶಿರಾಶಿ ಗುಲಾಬಿ ಹೂವಿನ ಶುಭೋದಯಗಳು.

ಆದದ್ದಿಷ್ಟೇ. ಆ ಪೆಟ್ಟಿಗೆ ಕಂಪ್ಯೂಟರನ್ನು ಗುರುತು ಹಿಡಿಯುತ್ತಿದ್ದುದು, ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ರೂಟರ್ ಕೊಟ್ಟ ನಂಬರಿನಿಂದ. ಆಯುಧಪೂಜೆಗೆ ರೂಟರ್ ಸಮೇತ ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದಿದ್ದರು. ಮಾರನೆಯ ದಿನ ಒಳ್ಳೆಯ ಗಳಿಗೆ ನೋಡಿ ಮೊದಲು ಆನ್ ಮಾಡಿದ್ದು ಮ್ಯಾನೇಜರ್ ಸಾಹೇಬರ ಕಂಪ್ಯೂಟರನ್ನು, ಮರ್ಯಾದೆ ಕೊಡಬೇಕಲ್ಲ! ರೂಟರ್ ಬಂದವರಿಗೆ ಬಂದ ಹಾಗೆ ಹೊಸದಾಗಿ ನಂಬರು ಹಂಚಿತು. ಹಾಡಿನ ಕಂಪ್ಯೂಟರಿನ ಹಳೆಯ ನಂಬರು ಸಾಹೇಬರ ಪಾಲಾಯಿತು. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇದ್ದದ್ದರಿಂದ ಪೆಟ್ಟಿಗೆ ತಕರಾರು ತೆಗೆಯದೆ ಅವರ ಗುಲಾಬಿಗಳನ್ನೇ ತುಂಬಿಕೊಳ್ಳುತ್ತಾ ಹೋಯಿತು. ಕದಿರಮ್ಮ ಹಾಡಿದ್ದು ಆ ಪೂಜೆ ಮುಗಿದ ಮೇಲೆ.

"ಟೆಕ್ನಿಕಲ್ ಪ್ರಾಬ್ಲಂ ಕಣಮ್ಮ, ಯಾರೇನ್ ಮಾಡೋಕಾಗ್ತದೆ?" ಎಂದರು ರಮೇಶ್‌ಬಾಬು, ಕಾಫಿ ಕುಡಿಯುತ್ತಲೇ. "ಆ ಅಜ್ಜಿ ಮನೆಯವ್ರಿಗೆ ವೈರಸ್ ಬಂತು ಅಂತ ಹೇಳ್ಬಿಡು."

ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು. "ಯಾವ ವೈರಸ್ಸು ಸಾರ್? ನಂಬರ್ ಬದಲಾಗ್ದಂಗೆ ಮಾಡಿಸ್ಕೊಳ್ಳಿ ಅಂತ ಪೆಟ್ಟಿಗೆ ಜೋಡಿಸ್ದೋರು ಹೇಳಿದ್ರು. ಆಮೇಲೆ ನೋಡಣ ಅಂದಿದ್ದು ನೀವು! ನಿಮ್ ಗುಲಾಬಿಗಳು ಭದ್ರವಾಗವೆ, ಆಯಮ್ಮನ ದನಿ ಮಾತ್ರ ಹೋಯ್ತು!"

ಅವರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಇವರಿಗೆಲ್ಲ ಸಂಕಟ ಅನ್ನುವುದೇ ಇಲ್ಲವೇ?

ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ. ಸಾದಲಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮ್ಯಾನೇಜರಿಗೆ ಛೀಮಾರಿ ಹಾಕುತ್ತಾ ಹೋದಳು. ಕದಿರಮ್ಮನ ಮಗಳು ವರಲಕ್ಷ್ಮಮ್ಮ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಬೈಯಲೂ ಇಲ್ಲ.

"ನಿಮ್ ಸಾಹೇಬ್ರ ಮಾತು ಬಿಡಮ್ಮ," ಎಂದಳು ಕೊನೆಗೆ. "ಆವತ್ತು ನನ್ ಮಗಳು ಅಮೃತ, ಅವ್ವ ಹಾಡೋದನ್ನ ಫೋನಲ್ಲಿ ತುಂಬ್ಕೊಂತಾ ಇದ್ಲು. ಆಫ್ ಮಾಡಮ್ಮ, ಡಿಸ್ಟರ್ಬ್ ಆಗ್ತದೆ, ನಮ್ಮತ್ರ ಭದ್ರವಾಗಿರ್ತದೆ ಅಂದೋರು ಯಾರು?"

ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ರಾಧಾಮಣಿಯ ಕಡೆಗೇ ತಿರುಗಿತು.

"ನಾನೇ ಅಕ್ಕ," ಎಂದಳು.