ನಡೆಯಲು ಕೊಟ್ಟ ಅಪ್ಪಣೆ

ಮೊನ್ನೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸಿನಲ್ಲಿ ಬರುತ್ತಿದ್ದೆ. ರಸ್ತೆ ಪಕ್ಕದ ಹೊಲವೊಂದರಲ್ಲಿ ಯಾರೋ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸುತ್ತಿದ್ದರು. ಹೊಗೆ, ಮಣ್ಣು, ಹಸಿ ಅರಿಶಿನ ಎಲ್ಲ ಸೇರಿದ ಆ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ಆ ವಾಸನೆ ಬಂದರೆ ಸಾಕು, ಅದರ ಹಿಂದೆಯೇ ಒಬ್ಬಳು ಬರುತ್ತಾಳೆ... ಅವಳ ಎದುರು ತಲೆ ಎತ್ತಿ ನಿಲ್ಲುವ ಯೋಗ್ಯತೆ ನನಗಿಲ್ಲ.

ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ನಮ್ಮ ಹೊಲದ ಹಿಂದೆ ಅವಳ ಹೊಲ, ಒಂದೂವರೆ ಎಕರೆ, ಅಷ್ಟೇ. ರಸ್ತೆಯಿಂದ ಅವಳ ಹೊಲಕ್ಕೆ ಹೋಗಬೇಕಾದರೆ ನಮ್ಮ ಹೊಲದ ನಡುವಿನ ಕಾಲುದಾರಿಯಲ್ಲೇ ಹೋಗಬೇಕು. ಅದು ಬೇಡವೆಂದರೆ ಕೆರೆ ಏರಿ ಹತ್ತಿ, ಸುತ್ತು ಹಾಕಿ, ಹಳ್ಳ ಇಳಿದು ಹತ್ತಬೇಕು. ಬರಿಗೈಯಲ್ಲಿ ಹೋದರೂ ಮುಕ್ಕಾಲು ಗಂಟೆ. ತಲೆಯ ಮೇಲೆ ಅರಿಶಿನದ ಮೂಟೆ ಇದ್ದರೆ ಕೇಳುವುದೇ ಬೇಡ.

ನಮ್ಮಪ್ಪ ಉಳುವಾಗ ಆ ದಾರಿ ಬಂದ ಕಡೆ ನೇಗಿಲನ್ನು ಎತ್ತಿಬಿಡುತ್ತಿದ್ದರು. ಎತ್ತುಗಳನ್ನು ಆಚೆ ದಾಟಿಸಿ, ಮತ್ತೆ ನೇಗಿಲು ಊರುತ್ತಿದ್ದರು. ಪ್ರತಿ ಸಾಲಿಗೂ ಹೀಗೇ. ಟ್ರ್ಯಾಕ್ಟರ್ ಬಂದ ಮೇಲೂ ಬಿಡಲಿಲ್ಲ. ಡ್ರೈವರ್ ಗೊಣಗಿದರೆ ಬೈದು, ಮುಂದೆ ನಿಂತು ನೇಗಿಲು ಎತ್ತಿಸುತ್ತಿದ್ದರು. ದಾರಿಯನ್ನು ಉಳಬಾರದು, ಅಷ್ಟೇ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದೊಡ್ಡವ್ವ ಆ ಕಡೆಯಿಂದ ಈ ಕಡೆಗೆ ನಡೆಯುವಾಗ ಎರಡೂ ಬದಿಯ ನಮ್ಮ ಬೆಳೆಯನ್ನು ತನ್ನದೇ ಎಂಬಂತೆ ಪರೀಕ್ಷೆ ಮಾಡುತ್ತಿದ್ದಳು. ಕಳೆ ಕಂಡರೆ ಅಪ್ಪನಿಗೆ ಮಂಗಳಾರತಿ. ಅಪ್ಪ ನಗುತ್ತಿದ್ದರು. ನಮಗೆ ಅವರೆಕಾಯಿ ಹಂಚಿ, ನಮ್ಮಮ್ಮನ ಹತ್ತಿರ ಎಲೆಯಡಿಕೆ ಇಸಕೊಂಡು ಹೋಗುತ್ತಿದ್ದಳು.

ನಾನು ಓದಿ, ಚಾಮರಾಜನಗರದಲ್ಲಿ ಭೂದಾಖಲೆಯ ಗುಮಾಸ್ತನಾದೆ. ಪಹಣಿ, ನಕಾಶೆ, ಸರ್ವೆ ನಂಬರು, ಇದೇ ನನ್ನ ಪ್ರಪಂಚ. ಊರಿಗೆ ಹೋದರೆ ಜನ ಕಾಗದ ಹಿಡಿದು ಜಗಲಿ ತುಂಬ ಕೂರುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು ದೊಡ್ಡ ಮನುಷ್ಯನ ಹಾಗೆ ಉತ್ತರ ಹೇಳುತ್ತಿದ್ದೆ. ಕಾಗದದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಕ್ಕು ಅಂದರೆ ಸರ್ಕಾರ ಕೊಟ್ಟದ್ದು, ಸೀಲು ಬಿದ್ದದ್ದು. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಪ್ಪ ಹೋದ ಮೇಲೆ ಹೊಲ ನನ್ನ ಹೆಸರಿಗೆ ಬಂತು. ಉಳುವವರಿಲ್ಲ. ಕೇರಳದವರು ನಮ್ಮ ಕಡೆ ಬಂದು ಶುಂಠಿಗೆ ಹೊಲ ಗುತ್ತಿಗೆ ಹಿಡಿಯುತ್ತಾರಲ್ಲ, ಹಾಗೆ ಒಬ್ಬರು ನನ್ನನ್ನೂ ಕೇಳಿದರು. ಎಲ್ಲಾ ಒಪ್ಪಿಗೆ, ಆದರೆ ನಡುವೆ ಜನ ಓಡಾಡುವುದು ಆಗುವುದಿಲ್ಲ, ಬೇಲಿ ಹಾಕುತ್ತೇವೆ ಅಂದರು. ಆವತ್ತೇ ನಕಾಶೆ ತೆಗೆದು ನೋಡಿದೆ. ಅದರಲ್ಲಿ ಆ ಕಾಲುದಾರಿಯ ಗುರುತೇ ಇಲ್ಲ. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನನಗೆ ಇನ್ನೊಂದೂ ಗೊತ್ತಿತ್ತು. ನಕಾಶೆಯಲ್ಲಿ ಇಲ್ಲದಿದ್ದರೂ, ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ, ವರ್ಷಾನುಗಟ್ಟಲೆ ನಡೆದ ದಾರಿಯನ್ನು ಕಾನೂನು ಮನ್ನಿಸುತ್ತದೆ. ಕೇಳಿಕೊಂಡು, ದಯೆಯ ಮೇಲೆ ನಡೆದಿದ್ದರೆ ಮನ್ನಿಸುವುದಿಲ್ಲ. ಕೊಟ್ಟವನು ಯಾವಾಗ ಬೇಕಾದರೂ ಇಲ್ಲ ಅನ್ನಬಹುದು. ಕಚೇರಿಯಲ್ಲಿ ಇಂಥ ಕಡತಗಳನ್ನು ನೋಡಿ ನೋಡಿ ಕಲಿತದ್ದು.

ಆ ಕಲಿತದ್ದನ್ನು ಎಲ್ಲಿ ಉಪಯೋಗಿಸಿದೆ ನೋಡಿ. ಒಂದು ಭಾನುವಾರ ಕಾಗದ ಬರೆದುಕೊಂಡು ದೊಡ್ಡವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಅರಿಶಿನದ ಕೊಂಬು ಬಿಡಿಸುತ್ತಿದ್ದಳು. ದಾರಿಗೆ ಒಂದು ದಾಖಲೆ ಮಾಡಿಕೊಡುತ್ತೇನೆ, ನಾಳೆ ಯಾರೂ ತಕರಾರು ಮಾಡಬಾರದು ಅಂದೆ. ಅವಳು ಕೈ ಕೊಡವಿಕೊಂಡು ನನ್ನ ಮುಖ ನೋಡಿದಳು.

"ನಡ್ಯಕ್ಕೂ ಕಾಗ್ದವಾ? ನಮ್ಮತ್ತೆ ನಡ್ದವ್ಳೆ, ಅವ್ರತ್ತೆ ನಡ್ದವ್ಳೆ. ಯಾರ್ನೂ ಕೇಳ್ನಿಲ್ಲ ಕಣ ಮಗ."

ಈಗಿನ ಕಾಲ ಹಾಗಿಲ್ಲ, ಸರ್ಕಾರದ ಕಣ್ಣಿಗೆ ಕಾಗದವೇ ಮುಖ್ಯ ಎಂದು ನನ್ನ ಮಾಮೂಲಿ ಪಾಠ ಒಪ್ಪಿಸಿದೆ. ಅವಳು ನಕ್ಕಳು.

"ಸರ್ಕಾರ ಉಟ್ಟದ್ಯಾವಾಗ್ಲಾ? ದಾರಿ ಅದ್ಕೂ ಮೊದ್ಲಿಂದ ಅದೆ, ಬುಡು. ಆದ್ರೂ ನೀನು ಓದ್ದೋನು. ನೀನ್ ಯೋಳುದ್ರೆ ಸರಿಯಾಗೇ ಇರ್ತದೆ."

ಹೆಬ್ಬೆಟ್ಟು ಒತ್ತಿದಳು. ಅರಿಶಿನದ ಕೈ, ಮಸಿ ಸರಿಯಾಗಿ ಹಿಡಿಯಲಿಲ್ಲ. ನಾನೇ ಅವಳ ಬೆರಳನ್ನು ಬಟ್ಟೆಯಲ್ಲಿ ಒರೆಸಿ, ಹಿಡಿದು, ಇನ್ನೊಮ್ಮೆ ಒತ್ತಿಸಿದೆ. ಕಾಗದದಲ್ಲಿ ಇದ್ದದ್ದು ಇದು: ಮಾಲೀಕರ ದಯೆಯಿಂದ, ಅವರ ಅಪ್ಪಣೆ ಇರುವವರೆಗೆ ಮಾತ್ರ ನಾನು ಈ ದಾರಿಯಲ್ಲಿ ನಡೆಯುತ್ತಿರುತ್ತೇನೆ, ಇದಕ್ಕೂ ಹಿಂದೆ ನಡೆದದ್ದೂ ಹಾಗೆಯೇ. ಓದಿ ಹೇಳು ಅಂತ ಅವಳು ಕೇಳಲಿಲ್ಲ. ಅವಳಿಗೂ ಒಂದು ಪ್ರತಿ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಇಟ್ಟಳು. ನಮ್ಮಪ್ಪನೂ ಇಷ್ಟು ಮಾಡಿರಲಿಲ್ಲ ಅಂತ ಊರೆಲ್ಲ ಹೊಗಳಿಕೊಂಡು ತಿರುಗಿದಳಂತೆ... ಥೂ, ನನ್ನ ಜನ್ಮಕ್ಕೆ.

ಶುಂಠಿಯವರು ಬಂದರು, ಬೇಲಿ ಬಂತು, ಗೇಟಿಗೆ ಬೀಗ ಬಿತ್ತು. ದೊಡ್ಡವ್ವ ನನ್ನ ಮೇಲೆ ಒಂದಿಷ್ಟೂ ಅನುಮಾನ ಪಡಲಿಲ್ಲ. ಊರು ಗೊತ್ತಿಲ್ಲದ ಜನ, ಮಾಲೀಕನ ಮಾತು ಮೀರಿ ಬೀಗ ಹಾಕಿದ್ದಾರೆ ಅಂದುಕೊಂಡಳು. ಅವಳ ಮಗಳು ಹೆರಿಗೆಯಲ್ಲಿ ಹೋಗಿ, ಮೊಮ್ಮಗಳು ಅವಳ ಜೊತೆಯಲ್ಲೇ ಬೆಳೆದಿದ್ದಳು, ಕಾಲೇಜಿಗೆ ಹೋಗುತ್ತಿದ್ದಳು. ಆ ಹುಡುಗಿ ಅರ್ಜಿ ಬರೆದು ತಹಶೀಲ್ದಾರ್ ಸಾಹೇಬರಿಗೆ ಕೊಟ್ಟಳು. ನಾನು ಕೊಟ್ಟ ಕಾಗದವನ್ನು ಮಾತ್ರ, ಸಾಹೇಬರಿಗೇ ಕೊಡುತ್ತೇನೆ ಅಂತ, ದೊಡ್ಡವ್ವ ಅವಳಿಗೂ ಬಿಚ್ಚಿ ತೋರಿಸಿರಲಿಲ್ಲವಂತೆ. ನನಗೂ ನೋಟೀಸು ಬಂತು.

ವಿಚಾರಣೆಯ ದಿನ ದೊಡ್ಡವ್ವ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಬಂದು ಕೂತಳು. ತಿಂಡಿ ತಿಂದ್ಯಾ ಅಂತ ಕೇಳಿದಳು, ಬಾಳೆಹಣ್ಣು ಕೊಟ್ಟಳು. ತಿಂದೆ. ಹೆಸರು ಕೂಗಿದಾಗ ಎದ್ದು, ನಾನು ಬಾಯಿ ಬಿಡುವ ಮೊದಲೇ, ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಕವರು ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟಳು. ನನ್ನ ಪ್ರತಿಯನ್ನು ನಾನು ಜೇಬಿನಲ್ಲೇ ಇಟ್ಟುಕೊಂಡಿದ್ದೆ, ತೆಗೆಯುವ ಅಗತ್ಯವೇ ಬೀಳಲಿಲ್ಲ. ಅವಳೇ ಕೊಟ್ಟಳು.

ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಒಳ್ಳೆಯ ಮನುಷ್ಯ, ಪಾಪ. ಹೆಬ್ಬೆಟ್ಟು ನಿಮ್ಮದೇನಾ ಅಜ್ಜಿ ಎಂದು ಕೇಳಿದರು. ನಂದೇ ಸ್ವಾಮಿ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಹಾಗಾದರೆ ದಾರಿ ನಿಮ್ಮದಲ್ಲ ಅಂತ ನೀವೇ ಒಪ್ಪಿ ಬರೆದುಕೊಟ್ಟಿದ್ದೀರಿ, ನಾನೇನು ಮಾಡಲಿ ಅಂದರು ಅವರು. ಅವಳಿಗೆ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿದಳು.

"ಯೋಳು ಮಗ, ನೀನ್ ತಾನೆ ಬರ್ದದ್ದು? ಏನಂತ ಬರ್ದಿದ್ದೆ, ಯೋಳು ಅವ್ರ್ಗೆ."

ಆಗಲೂ ಸಮಯವಿತ್ತು. ಅದು ಸುಳ್ಳು, ನಾನು ಓದಿ ಹೇಳಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದರಲ್ಲಿ ಇರುವುದೇ ಸರಿ ಸಾರ್ ಅಂದೆ.

ಹೊರಗೆ ಮರದ ಕೆಳಗೆ ಮೊಮ್ಮಗಳು ಕಾಗದವನ್ನು ಅಕ್ಷರ ಬಿಡದೆ ಅವಳಿಗೆ ಓದಿ ಹೇಳಿದಳು. ನಾನು ತಪ್ಪಿಸಿಕೊಂಡು ಗೇಟಿನ ಕಡೆ ಹೆಜ್ಜೆ ಹಾಕುತ್ತಿದ್ದೆ. ದೊಡ್ಡವ್ವ ಕರೆದಳು. ಬೈಗುಳ ಬರುತ್ತದೆ ಅಂದುಕೊಂಡೆ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದಯೆ ಅಂತ ಬರ್ದಿದ್ಯಾ ಮಗ? ನಿನ್ ದಯೆಯ ಯಾವತ್ ಕೇಳಿದ್ದೆ ನಾನು?"

ಅಷ್ಟೇ ಕೇಳಿದಳು. ಮೊಮ್ಮಗಳ ಭುಜ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅಲ್ಲಿಂದ ಮುಂದೆ ಬದುಕಿದ್ದಷ್ಟು ದಿನವೂ ಕೆರೆ ಏರಿ ಸುತ್ತಿಕೊಂಡೇ ಹೊಲಕ್ಕೆ ಹೋದಳು. ಕೊನೆಕೊನೆಗೆ ಹಳ್ಳ ಹತ್ತಲಾಗದೆ ಅಲ್ಲೇ ಕೂತುಬಿಡುತ್ತಿದ್ದಳಂತೆ. ಸತ್ತಾಗ ನಾನು ಹೋಗಲಿಲ್ಲ. ಕಚೇರಿಯಲ್ಲಿ ಕೆಲಸವಿದೆ ಅಂತ ಹೇಳಿ ಕಳಿಸಿದೆ.

ಈಗ ನಾನು ನಿವೃತ್ತ, ಊರಲ್ಲೇ ಇದ್ದೇನೆ. ಶುಂಠಿಯವರು ನೆಲದ ಸಾರ ಮುಗಿಸಿ ಬೇರೆ ಕಡೆ ಹೋಗಿ ವರ್ಷಗಳಾದವು. ಬೇಲಿ ಇಲ್ಲ, ಗೇಟಿಲ್ಲ. ಮೊಮ್ಮಗಳು ಓದು ಮುಗಿಸಿ, ಮದುವೆಯಾಗಿ, ಗಂಡನ ಜೊತೆ ಇಲ್ಲೇ ನಿಂತು ಅಜ್ಜಿಯ ಹೊಲದಲ್ಲಿ ಅರಿಶಿನ ಬೆಳೆಯುತ್ತಾಳೆ. ಹೋದ ತಿಂಗಳು ಧೈರ್ಯ ಮಾಡಿ ಅವಳನ್ನು ನಿಲ್ಲಿಸಿದೆ. ಇನ್ನು ಮೇಲೆ ನಮ್ಮ ಹೊಲದಲ್ಲೇ ನಡೆದುಕೊಂಡು ಹೋಗಮ್ಮ, ನಾನು ಬೇಡ ಅನ್ನುವುದಿಲ್ಲ ಅಂದೆ.

"ನೀವ್ ಕೊಡೋದಾದ್ರೆ ಬ್ಯಾಡ ಮಾವ," ಅಂದಳು. ಮಾತಿನಲ್ಲಿ ಕೋಪವಿರಲಿಲ್ಲ.

ಅವಳಿಗೆ ಏನು ಬೇಕೆಂದು ನನಗೆ ಗೊತ್ತು. ಆ ದಾರಿ ಅವರದೇ ಆಗಿತ್ತು, ಯಾರೂ ಕೊಟ್ಟದ್ದಲ್ಲ, ಓದು ಬಾರದ ಮುದುಕಿಗೆ ಮೋಸ ಮಾಡಿ ನಾನು ಹೆಬ್ಬೆಟ್ಟು ಒತ್ತಿಸಿಕೊಂಡೆ ಎಂದು ನಾನು ಬರೆದು ಸಹಿ ಹಾಕಿ ಕಚೇರಿಗೆ ಕೊಡಬೇಕು. ಹೇಗೆ ಬರೆಯಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಬರೆದೂ ಇಟ್ಟಿದ್ದೇನೆ, ಒಂದು ತಪ್ಪಿಲ್ಲದಂತೆ. ಆದರೆ ಜಗಲಿಯ ಮೇಲೆ ಇವತ್ತಿಗೂ ಜನ ಬಂದು ಕೂರುತ್ತಾರೆ, ಸ್ವಾಮಿ ಅನ್ನುತ್ತಾರೆ. ನಾಳೆ ಇವರಿಗೆಲ್ಲ ಗೊತ್ತಾದರೆ ಎಂಬ ಯೋಚನೆ ಬಂದಾಗ ಸಹಿ ಹಾಕಲು ಕೈ ಮುಂದಕ್ಕೆ ಹೋಗುವುದಿಲ್ಲ... ದೊಡ್ಡವ್ವ ಇದ್ದಿದ್ದರೆ ಅವಳ ಕಾಲನ್ನಾದರೂ ಹಿಡಿಯಬಹುದಿತ್ತು. ಅವಳಿಲ್ಲ.

ಇವತ್ತು ಬೆಳಿಗ್ಗೆ ಮೊಮ್ಮಗಳು ತಲೆಯ ಮೇಲೆ ಮೂಟೆ ಹೊತ್ತು ಏರಿ ಹತ್ತುತ್ತಿದ್ದಳು. ಬಸುರಿ, ಏಳು ತಿಂಗಳು. ಸಹಿ ಇಲ್ಲದ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು, ಅವಳು ಹಳ್ಳಕ್ಕೆ ಇಳಿದು ಮರೆಯಾಗುವವರೆಗೂ ನಾನು ಜಗಲಿಯ ಮೇಲೆ ಕೂತು ನೋಡಿದೆ.