ಎರಡು ಸಾವಿರದ ಸಾಬರು

ಅಡಿಗೆಮನೆಯಲ್ಲಿ ಬೆಣ್ಣೆ ಕಾಯುತ್ತಿದೆ. ಆ ವಾಸನೆ ಪಡಸಾಲೆಗೆ ಬಂದರೆ ನಿಮಗೆ ಬಿಸಿ ಅನ್ನವೋ ಹೋಳಿಗೆಯೋ ನೆನಪಾದೀತು. ನನಗೆ ಮಾತ್ರ ಬ್ಯಾಂಕಿನ ಒಂದು ಲಕೋಟೆ ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಕುರುಗೋಡಿನಲ್ಲಿ ಅರ್ಜಿ ಬರೆಯುವುದು ನನ್ನ ಕಸುಬು. ಇಂಗ್ಲಿಷ್ ಬಲ್ಲವನೆಂದು ಊರಿನಲ್ಲಿ ಮರ್ಯಾದೆ. ಆ ಇಂಗ್ಲಿಷನ್ನು ಪರೀಕ್ಷೆ ಮಾಡುವಷ್ಟು ಬಲ್ಲವರು ಊರಿನಲ್ಲಿ ಬೇರೆ ಇರಲಿಲ್ಲವಾದ್ದರಿಂದ ಮರ್ಯಾದೆಯೂ ಕೆಡಲಿಲ್ಲ. ನನ್ನ ಹೆಂಡತಿ ಗಂಗವ್ವ ಬಾದನಹಟ್ಟಿಯವಳು. ತವರಿನಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದಳು, ಅದು ಮೂರಾಯಿತು. ಮೂರು ಎಮ್ಮೆಯ ತುಪ್ಪ ಮಾರಿ, ಆರು ವರ್ಷದಲ್ಲಿ ಎಂಬತ್ತು ರೂಪಾಯಿ ಕೂಡಿಸಿದಳು. ಅವಳಿಗೆ ಒಂದು ಬೆಳ್ಳಿ ಡಾಬು ಬೇಕಾಗಿತ್ತು. ಅಕ್ಕತಂಗಿಯರೆಲ್ಲರ ಸೊಂಟದಲ್ಲಿ ಡಾಬಿತ್ತು, ಇವಳ ಸೊಂಟದಲ್ಲಿ ಸೆರಗು ಮಾತ್ರ. ಮನೆಯಲ್ಲಿ ಇಟ್ಟರೆ ಖರ್ಚಾಗುತ್ತದೆ ಎಂದು ನಾನೇ ಬುದ್ಧಿ ಹೇಳಿ, ಬಳ್ಳಾರಿಯ ಒಂದು ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಹಾಕಿಬಂದೆ.

ಬುದ್ಧಿ ಹೇಳಿದವನೇ ಕೆಟ್ಟೆ. ಆಗ ಬಳ್ಳಾರಿಯಲ್ಲಿ ನಾಟಕದ ಹುಚ್ಚು. ಕೋರ್ಟಿನ ಕೆಲಸಕ್ಕೆ ಹೋದವನು ಒಂದು ಮಂಡಳಿಯವರ ಕೈಗೆ ಸಿಕ್ಕೆ. "ನಿಮ್ಮ ಗಂಟಲು ರಾಜನ ಗಂಟಲು" ಎಂದರು. ಅಲ್ಲಿಯವರೆಗೆ ಅದು ಅರ್ಜಿ ಓದುವ ಗಂಟಲು ಎಂದುಕೊಂಡಿದ್ದೆ. ಪರದೆಗೆ ಇಪ್ಪತ್ತು, ಕಿರೀಟಕ್ಕೆ ಹತ್ತು, ಹಾರ್ಮೋನಿಯಂ ಪೆಟ್ಟಿಗೆಗೆ ಮೂವತ್ತು, ಉಳಿದದ್ದಕ್ಕೆ ಅಷ್ಟಿಷ್ಟು ಎಂದು ಕೊಡುತ್ತಾ ಹೋದೆ. ಕೊನೆಗೆ ರಾಜನ ವೇಷ ಪರದೆಗೆ ನನಗಿಂತ ಹೆಚ್ಚು ಕೊಟ್ಟವನ ಪಾಲಾಯಿತು. ಬ್ಯಾಂಕಿನಲ್ಲಿ ಉಳಿದದ್ದು ಮೂರು ರೂಪಾಯಿ ಹನ್ನೊಂದಾಣೆ. ಗಂಗವ್ವ ಕೇಳಿದಾಗಲೆಲ್ಲ, "ಬಡ್ಡಿ ಬೆಳೀಲಿಕ್ಕೆ ಹತ್ತೈತಿ" ಎನ್ನುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಬ್ಯಾಂಕಿನ ಲಕೋಟೆ ಬಂತು. ಆರು ತಿಂಗಳಿಗೊಮ್ಮೆ ಬರುವ ಲೆಕ್ಕದ ಪಟ್ಟಿ. ಗಂಗವ್ವ ಅಲ್ಲೇ ಬೆಣ್ಣೆ ಕಾಯಿಸುತ್ತಿದ್ದಳು.

"ಎಷ್ಟಾಗೈತಿ ಓದ್ರಿ" ಎಂದಳು.

ಏನಾದರೊಂದು ಸುಳ್ಳು ಹೇಳೋಣವೆಂದು ಹಾಳೆ ಬಿಡಿಸಿದೆ. ಕೆಳಗಿನ ಅಂಕಿ ನೋಡಿ, ನಿಜವೇ ಬಾಯಿಂದ ಹೊರಬಿತ್ತು: "ಎರಡು ಸಾವಿರದ ನಾಲ್ಕು ನೂರು!"

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ತುಪ್ಪದ ರೊಕ್ಕ ಇಷ್ಟು ಬೆಳೀತೈತೇನ್ರಿ?"

ನಿಮ್ಮ ಮುಂದೆ ಮುಚ್ಚುಮರೆ ಏಕೆ, ಒಂದು ಗಳಿಗೆ ನಾನೂ ನಂಬಿದೆ. ಆಮೇಲೆ ಮೇಲಿನ ಹೆಸರು ಕಂಡಿತು. ಲಕೋಟೆಯ ಮೇಲೆ ಹೊನ್ನೂರಪ್ಪ, ಕುರುಗೋಡು ಎಂದಿತ್ತು. ಅದು ನಾನು. ಒಳಗಿನ ಹಾಳೆಯ ಮೇಲೆ ಹೊನ್ನೂರ ಸಾಬ್, ಅಕ್ಕಿ ವ್ಯಾಪಾರಿ, ಸಿರುಗುಪ್ಪ. ನಮ್ಮ ಸೀಮೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಮಕ್ಕಳಿಗೆ ಇದೇ ಹೆಸರಿಡುತ್ತಾರೆ. ಮದರಾಸಿನಿಂದ ಬಂದ ಬ್ಯಾಂಕಿನ ಗುಮಾಸ್ತನಿಗೆ ಅದು ತಿಳಿಯುವುದು ಹೇಗೆ? ಗಂಗವ್ವನಿಗೆ ಇಷ್ಟು ವಿವರಿಸಿ, ಮಾಡಬಾರದ ಕೆಲಸ ಮಾಡಿದೆ. ಹಾಳೆಯನ್ನು ಮಡಿಸಿಡದೆ, ಸಾಬರು ಯಾವ ತಿಂಗಳು ಎಷ್ಟು ಹಾಕಿದರು, ಎಷ್ಟು ತೆಗೆದರು ಎಂಬುದನ್ನೆಲ್ಲ ಅವಳಿಗೆ ಪುರಾಣದಂತೆ ಓದಿ ಹೇಳಿದೆ. ಬೇರೆಯವರ ಲೆಕ್ಕ ಓದುವುದರಲ್ಲಿ ಏನೋ ಒಂದು ರುಚಿ ಇದೆ.

ಎಲ್ಲ ಕೇಳಿ ಗಂಗವ್ವ ಸಹಜವಾಗಿ ಅಂದಳು: "ಅಂದ್ರ, ನಮ್ಮದು ಅವ್ರ ಮನಿಗೆ ಹೋಗಿರ್ತೈತಿ."

ನನ್ನ ಮೂರು ರೂಪಾಯಿ ಹನ್ನೊಂದಾಣೆ ಸಿರುಗುಪ್ಪದಲ್ಲಿ! ತಕ್ಷಣ ಎದ್ದು ನಿಂತೆ. "ಇನ್ನೊಬ್ಬರ ಕಾಗದ ಮನೆಯೊಳಗ ಇಟ್ಕೋಬಾರದು. ನಸುಕಿನ್ಯಾಗ ಸಿರುಗುಪ್ಪಕ್ಕ ಹೊಂಟೆ!" ಎಂದೆ.

ನನ್ನ ಪ್ರಾಮಾಣಿಕತೆಗೆ ಗಂಗವ್ವನ ಕಣ್ಣು ತುಂಬಿಬಂತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅಕ್ಕಪಕ್ಕದವರಿಗೂ ಹೇಳಿದಳು. ಬೆಳಿಗ್ಗೆ ಗಾಡಿ ಹತ್ತುವಾಗ ಓಣಿಯವರೆಲ್ಲ ಧರ್ಮರಾಯನನ್ನು ನೋಡುವಂತೆ ನನ್ನನ್ನು ನೋಡಿದರು.

ಹೊತ್ತೇರಿದ ಮೇಲೆ ದಾರಿಯಲ್ಲಿ ಎದುರಿಗೊಂದು ಗಾಡಿ ಬಂತು. ಅಕ್ಕಿ ಚೀಲಕ್ಕೆ ಒರಗಿ ಕೂತಿದ್ದ ಬಿಳಿ ಗಡ್ಡದವರೊಬ್ಬರು ಕೈ ಎತ್ತಿ ಸಲಾಮು ಮಾಡಿದರು. ನಾನೂ ಕೈ ಎತ್ತಿದೆ. ಗಾಡಿಗಳು ಒಂದನ್ನೊಂದು ದಾಟಿಹೋದವು.

ಸಂಜೆ ಸಿರುಗುಪ್ಪದಲ್ಲಿ ಸಾಬರ ಮನೆ ಹುಡುಕಿ ಬಾಗಿಲಲ್ಲಿ ನಿಂತೆ. ಸಾಬರ ಮನೆಯಾಕೆ ಒಳಗಿನಿಂದಲೇ ಹೇಳಿದರು: "ಅವ್ರು ಕುರುಗೋಡಿಗೆ ಹೋದ್ರಲ್ರಿ! ಅಲ್ಲಿ ಹೊನ್ನೂರಪ್ಪ ಅಂತ ಯಾರೋ ಅದಾರಂತ, ಪಾಪ. ಬ್ಯಾಂಕಿನ್ಯಾಗ ಬರೇ ಮೂರು ರೂಪಾಯಿ ಐತಂತ. ಸಾಲಿ ಮಾಸ್ತರ ಓದಿ ಹೇಳಿದ್ರು. ಮಕ್ಕಳು ಉಪವಾಸ ಇದ್ದಾವೇನೋ ಅಂತ ಒಂದು ಚೀಲ ಅಕ್ಕಿ ಹಾಕ್ಕೊಂಡು ಹೋಗ್ಯಾರ. ನೀವ್ಯಾರ್ರಿ?"

"ನಾನು... ಅದೇ ಊರವನ್ರೀ" ಎಂದೆ.

"ಹಂಗಂದ್ರ ಆ ಬಡವ ನಿಮಗ ಗೊತ್ತಿರಬೇಕಲ್ರೀ?"

"ಗೊತ್ತು. ಅಷ್ಟು ಒಳ್ಳೆ ಮನುಷ್ಯ ಅಲ್ರಿ."

ಆ ತಾಯಿ ನನಗೆ ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕಿಸಿದರು, ಊಟ ಕೊಟ್ಟರು. ಸಿರುಗುಪ್ಪದ ಕಾಲುವೆ ನೀರಿನ ಅಕ್ಕಿ ಮಲ್ಲಿಗೆಯಂತಿರುತ್ತದೆ. ಅಂದು ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ರಾಜನ ಗಂಟಲು!

ಮರುದಿನ ಸಂಜೆ ಕುರುಗೋಡಿಗೆ ಬಂದಾಗ, ಮನೆ ಕಟ್ಟೆಯ ಮೇಲೆ ಅದೇ ಬಿಳಿ ಗಡ್ಡ ಕೂತಿತ್ತು. ರಾತ್ರಿ ಪೇಟೆಯಲ್ಲಿ ಪರಿಚಯದವರ ಮನೆಯಲ್ಲಿ ಮಲಗಿ, ನನಗಾಗಿ ಮತ್ತೆ ಬಂದು ಕಾಯುತ್ತಿದ್ದರು. ಗಂಗವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಗು ನೋಡಿ ನನಗೆ ಇನ್ನಷ್ಟು ಭಯವಾಯಿತು.

"ಬರ್ರಿ ಹೊನ್ನೂರಪ್ನೋರ" ಎಂದು ಸಾಬರು ಲಕೋಟೆ ಕೊಟ್ಟರು. ಅದರ ಬಾಯಿಗೆ ಹೊಸದಾಗಿ ಅಂಟು ಹಚ್ಚಿದ್ದರು. ನಾನೂ ಅವರ ಹಾಳೆ ಕೊಟ್ಟೆ. ಅದಕ್ಕೆ ಅಂಟಿರಲಿಲ್ಲ, ಒಂದು ಮೂಲೆಗೆ ತುಪ್ಪದ ಕಲೆ ಬಿದ್ದಿತ್ತು.

ಗಂಗವ್ವ ಚಹಾ ತರಲು ಒಳಗೆ ಹೋದಾಗ ಸಾಬರು ದನಿ ತಗ್ಗಿಸಿದರು. "ತಂಗಿ ಡಾಬಿನ ಮಾತು ಹೇಳಿದ್ಲು. 'ಅಣ್ಣಾರ, ನಮ್ಮ ಲೆಕ್ಕದಾಗ ಎಷ್ಟೈತಿ?' ಅಂತ ಕೇಳಿದ್ಲು. ನನಗ ಇಂಗ್ಲಿಷ್ ಬರಂಗಿಲ್ಲವ್ವ ಅಂದೆ. ಸುಳ್ಳಲ್ಲ ನೋಡ್ರಿ, ಬರಂಗಿಲ್ಲ. ಅಕ್ಕಿ ಯಾಕಂದ್ಲು. ಹೆಸರು ಒಂದೇ, ಅದಕ್ಕ ಅಂದೆ. ಉಳಿದದ್ದು ಹೇಳೋ ಕೆಲಸ ನಿಮ್ಮದು."

ನಾಚಿಕೆಯಿಂದ ತಲೆ ತಗ್ಗಿಸಿ, "ನಿಮ್ಮ ಕಾಗದ ನಾನು ಓದಲಿಲ್ಲ..." ಎಂದು ತೊದಲಿದೆ.

ಸಾಬರು ಗಡ್ಡ ಕುಣಿಯುವಂತೆ ನಕ್ಕರು. "ನಾ ಬಂದ ಕೂಡ್ಲೇ ತಂಗಿ ಕೇಳಿದ ಮೊದಲ ಮಾತೇನು ಗೊತ್ತೇನ್ರಿ? 'ಎರಡು ಸಾವಿರದ ಸಾಬ್ರು ನೀವೇ ಏನ್ರಿ?'"

ಅವರ ಗಾಡಿ ಹೋದ ಮೇಲೆ ನಾನು ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಪರದೆ, ಕಿರೀಟ, ಮೂರು ರೂಪಾಯಿ ಹನ್ನೊಂದಾಣೆ. ಗಂಗವ್ವ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು.

"ನಾಟಕದಾಗ ಏನಾಗಿದ್ರಿ?" ಎಂದಳು.

"ಬಾಗಿಲು ಕಾಯೋವ."

"ಮಾತು ಎಷ್ಟಿದ್ವು?"

"ಒಂದು."

"ಹೇಳ್ರಿ."

"ಈಗೇನು..."

"ಹೇಳ್ರಿ ಅಂದ್ನಲ್ಲ."

ಎದ್ದು ನಿಂತೆ. ಎದೆ ಉಬ್ಬಿಸಿದೆ. ನಾಟಕ ತೆಲುಗಿನದು. "ಪ್ರಭೂ, ದೂತ ವಚ್ಚಿನಾಡು!" ಎಂದೆ. ದೂತ ಬಂದಿದ್ದಾನೆ ಎಂದರ್ಥ. ಗೋಡೆಯಾಚೆ ಎಮ್ಮೆ ಬೆಚ್ಚಿ ಕೂಗಿತು.

ಗಂಗವ್ವ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುನಗುತ್ತಲೇ ಅದು ಅಳುವಾಯಿತು. "ಆರು ವರ್ಷದ ತುಪ್ಪ" ಎಂದಳು. "ಒಂದು ಮಾತು. ಅದೂ ತೆಲುಗಿನ್ಯಾಗ." ಅವಳು ಬೈದಿದ್ದರೆ ನಾನು ಯಾವಾಗಲೋ ಮರೆತಿರುತ್ತಿದ್ದೆ.

ಹದಿನೈದು ದಿನದಲ್ಲಿ ಅವಳು ತವರಿನ ಅಣ್ಣನನ್ನು ಜೊತೆಗೆ ಕರೆದುಕೊಂಡು ಬಳ್ಳಾರಿಗೆ ಹೋಗಿ, ತನ್ನ ಹೆಸರಿಗೇ ಲೆಕ್ಕ ಮಾಡಿಸಿ ಬಂದಳು. ಸಾಬರು ತಮ್ಮ ಮನೆಗೆ ವರ್ಷದ ತುಪ್ಪವನ್ನು ಅವಳಿಂದಲೇ ಕೊಳ್ಳತೊಡಗಿದರು. ಡಾಬು ನಾಲ್ಕು ವರ್ಷಕ್ಕೆ ಬಂತು. ಆ ನಾಲ್ಕು ವರ್ಷ ಎಮ್ಮೆ ಕಾಯ್ದವನು, ಹಾಲು ಹಿಂಡಿದವನು ಯಾರೆಂದು ನಾನು ಹೇಳಬೇಕಾಗಿಲ್ಲ.

ಮೊನ್ನೆ ಅಂಚೆಯವನು ನಮ್ಮ ಊರಿನ ಹತ್ತಿ ದಲ್ಲಾಳಿಯೊಬ್ಬರ ಲಕೋಟೆಯನ್ನು ತಪ್ಪಿ ನನಗೆ ಕೊಟ್ಟುಹೋದ. ಬಾಯಿ ಸ್ವಲ್ಪ ಬಿಚ್ಚಿಯೇ ಇತ್ತು. ಕೊಟ್ಟುಬರಲು ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಗಂಗವ್ವ ಹೊರಗೆ ಬಂದು, "ಎಷ್ಟೈತಂತ ಅವ್ರದು?" ಎಂದಳು.

"ನನಗ ಗೊತ್ತಿಲ್ಲ" ಎಂದೆ.

ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಂಬಿದಳು.